ಗೌರವ್ವನ ದನಿಯ ಕೀಲಿ

ಪಕ್ಕದ ಮನೆಯ ಗುರುಸಿದ್ದಪ್ಪನವರು ಅರ್ಧ ಹುಬ್ಬಳ್ಳಿಯ ರೇಡಿಯೋ ರಿಪೇರಿ ಮಾಡಿದವರು. ಉಳಿದರ್ಧ ಕೆಟ್ಟದ್ದು ಅವರಿಂದಲೇ ಎಂದು ಅವರ ಹೆಂಡತಿ, ನನ್ನ ಗೆಳತಿ ಗೌರವ್ವನ ವಾದ. ಹೋದ ತಿಂಗಳು ಅವರು ನನ್ನನ್ನು ಕರೆದು ಸಾಮಾನು ಕೋಣೆಯ ಕಬ್ಬಿಣದ ಬಾಗಿಲು ತೋರಿಸಿದರು. ಅದಕ್ಕೆ ಕೀಲಿಯ ತೂತೇ ಇರಲಿಲ್ಲ!

“ಇದರೊಳಗ ಒಂದು ತಿರುಳು ಅದ ಅಕ್ಕಾರ, ಯಂತ್ರದ ಮಿದುಳು ಇದ್ದಂಗ. ಎಲ್ಲಾ ಅದರದ ಕಾರಭಾರ. ತನ್ನ ಹತ್ರ ಕೀಲಿ ಇಲ್ಲಂದ್ರ ತಾ ಕುಂತಲ್ಲಿಂದ ಏಳಂಗಿಲ್ಲ, ಆಳು ಕಳಸಿ ತರಸ್ತದ.”

ಆಳು ಎಂದರೆ ಗಾಲಿ ಹಚ್ಚಿದ ಊಟದ ಡಬ್ಬಿ. ಅವರು ಹೆಮ್ಮೆಯಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ದಮ್ಮಿನ ಪಂಪು ಹೊರಗೆ ಮೇಜಿನ ಮೇಲೇ ಉಳಿಯಿತು.

ಡಬ್ಬಿ ನೇರವಾಗಿ ಗೌರವ್ವನ ಮುಂದೆ ಬಂದು ನಿಂತಿತು. “ಯಜಮಾನರ ಹೆಸರು ಹೇಳ್ರಿ. ಅದ ಕೀಲಿ.”

ಗೌರವ್ವ ಸೆರಗು ಬಾಯಿಗೆ ಹಿಡಿದಳು. “ಗಂಡನ ಹೆಸರು ಬಾಯಿಲೆ ಹೇಳತಾರೇನು? ಬ್ಯಾರೇರನ್ನ ಕೇಳು ಹೋಗು.”

ಕೇಳಿತು. ನಾನು ಹೇಳಿದೆ, ತರಕಾರಿಯವ ಹೇಳಿದ, ಓಣಿಯೆಲ್ಲ ಕೂಡಿ “ಗುರುಸಿದ್ದಪ್ಪ” ಎಂದು ಕೂಗಿತು. ಪ್ರತಿ ಸಲವೂ ಡಬ್ಬಿ ಅದನ್ನು ತಿರುಳಿಗೆ ಒಪ್ಪಿಸಿ, “ದನಿ ಬ್ಯಾರೆ” ಎಂದು ಬೈಸಿಕೊಂಡು ಬಂತು. ಕೊನೆಗೆ ಬಾಗಿಲೇ ಮಾತಾಡಿತು: “ಕೀಲಿ ಎಲ್ಲೂ ಇಲ್ಲ ಅಂತ ಬರಕೊಂಡೀನಿ. ಹತ್ತು ನಿಮಿಷ ಯಾರೂ ಕೇಳಬ್ಯಾಡ್ರಿ, ಯಾರ ದನಿಗೂ ತೆರೆಯಂಗಿಲ್ಲ.”

ಒಳಗಿನಿಂದ ಕೆಮ್ಮು ಕೇಳಿಸಿತು. ನಾನು ಮೇಜಿನ ಮೇಲಿನ ಪಂಪು ಎತ್ತಿಕೊಂಡೆ.

“ಇಂಥಾ ಕೀಲಿ ಯಾಕ ಇಟ್ರಿ?” ಗೌರವ್ವ ಬಾಗಿಲಿಗೆ ಕಿವಿಗೊಟ್ಟು ಕೇಳಿದಳು.

“ಮದುವ್ಯಾಗ ನೀ ಒಡಪು ಕಟ್ಟಿ ನನ್ನ ಹೆಸರು ಹೇಳಿದಿ,” ಗುರುಸಿದ್ದಪ್ಪನವರು ಏದುಸಿರು ಬಿಟ್ಟರು. “ಬ್ಯಾಂಡಿನ ಸದ್ದಿನಾಗ ನನಗ ಕೇಳಲಿಲ್ಲ. ನಲವತ್ತೊಂದು ವರ್ಷ ಆತು.”

“ಮತ್ತೊಮ್ಮೆ ಹೇಳು ಅನಬಾರದಿತ್ತೇನು?”

“ನಾಚಿಕಿ ಬಂತು.”

ಗೌರವ್ವನ ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ. ಹತ್ತು ನಿಮಿಷ ಮುಗಿದದ್ದೇ ತಡ, ಆಕೆ ಡಬ್ಬಿಯನ್ನು ಎತ್ತಿ ಹಿಡಿದು ಓಣಿಯ ಜನರೆದುರಿಗೇ ಹೇಳಿದಳು:

“ಬಿಚ್ಚಿದ ರೇಡಿಯೋಕ್ಕ ಸಿಗವಲ್ದು ತಿರುಪು,
ಗುರುಸಿದ್ದಪ್ಪನವರು ನನ್ನ ಬಾಳಿನ ಹುರುಪು.”

ಈ ಸಲ ಯಾರೂ ಬ್ಯಾಂಡು ಬಾರಿಸಲಿಲ್ಲ. ಬಾಗಿಲು ತೆರೆಯಿತು. ನಾನು ಪಂಪು ಹಿಡಿದು ಓಡಿದರೆ, ಅವರು ಕೆಮ್ಮುತ್ತಲೇ ನಗುತ್ತಿದ್ದರು.

ಆ ಕೀಲಿಗೆ ಒಂದೇ ದಿನದ ಆಯುಷ್ಯವಂತೆ. ಬೆಳಗಾದರೆ ತಿರುಳು ಮರೆತಿರುತ್ತದೆ. ಹಾಗಾಗಿ ಗುರುಸಿದ್ದಪ್ಪನವರು ದಿನಾ ಚಹಾ ಕುಡಿದು, ಪಂಪು ಜೇಬಿಗೆ ಹಾಕಿಕೊಂಡು, ತಾವಾಗಿಯೇ ಒಳಗೆ ಸಿಕ್ಕಿಕೊಳ್ಳುತ್ತಾರೆ. ಗೌರವ್ವ ದಿನಕ್ಕೊಂದು ಹೊಸ ಒಡಪು ಕಟ್ಟುತ್ತಾಳೆ. ಆ ದೋಷ ಸರಿಪಡಿಸಲು ಅವರಿಗೆ ಇನ್ನೂ ಪುರುಸೊತ್ತಾಗಿಲ್ಲ.