ಗೀರು ಬೀಳದ ಜಾಗ

ಒಂದು ಕಾರನ್ನು ಕಾಪಾಡಿಕೊಳ್ಳುವುದಕ್ಕೆ ಮಹಾ ಬುದ್ಧಿಯೇನೂ ಬೇಕಾಗಿಲ್ಲ, ಸ್ವಲ್ಪ ಮುಂದಾಲೋಚನೆ ಇದ್ದರೆ ಸಾಕು ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಂಬಿದ್ದು ಮಾತ್ರವಲ್ಲ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಅದು ಎಂಬತ್ತರ ದಶಕದ ಆರಂಭ. ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಹೆಸರು ಬರೆಸಿದಾಗ ನನ್ನ ತಲೆಯ ತುಂಬ ಕೂದಲಿತ್ತು. ಕಾರು ಮನೆಗೆ ಬರುವ ಹೊತ್ತಿಗೆ ಬಾಚಣಿಗೆಯನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಮೇಷ್ಟರೊಬ್ಬರ ಮನೆ ಮುಂದೆ ಕಾರು ನಿಲ್ಲುವುದು ಜಯನಗರದ ನಮ್ಮ ರಸ್ತೆಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಗಟ್ಟಿ ಹಾಲಿನ ಕೆನೆಯಂಥ ಬಣ್ಣ. ಬಾಗಿಲು ಹಾಕಿದರೆ ‘ಧಬ್’ ಎಂದು ಗಂಭೀರವಾದ ಸದ್ದು. ಬೆಳಗ್ಗೆ ಎದ್ದ ಕೂಡಲೇ ದೇವರ ಪಟ ನೋಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಕಿಟಕಿಯಿಂದ ಕಾರು ನೋಡುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ನಾನೂ ನನ್ನ ಹೆಂಡತಿ ಸುಮಿತ್ರೆಯೂ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗಿದ್ದೆವು. ತರಕಾರಿ ತೆಗೆದುಕೊಂಡು ವಾಪಸು ಬಂದು ನೋಡಿದರೆ ಕಾರಿನ ಎಡಗಡೆ ಬಾಗಿಲ ಮೇಲೆ ಅವರೆಕಾಳಿನಷ್ಟು ತಗ್ಗು ಬಿದ್ದಿತ್ತು. ಆ ತಗ್ಗಿನಲ್ಲಿ ನೀಲಿ ಬಣ್ಣದ ಸಣ್ಣ ಗೆರೆ. ಯಾರೋ ಪಕ್ಕದಲ್ಲಿ ಕಾರು ನಿಲ್ಲಿಸಿ, ತಮ್ಮ ಬಾಗಿಲನ್ನು ಧಾರಾಳವಾಗಿ ತೆರೆದು, ನನ್ನ ಬಾಗಿಲಿಗೆ ಬಡಿದು ಇಳಿದುಹೋಗಿದ್ದರು.

ಬೇರೆಯವರಾಗಿದ್ದರೆ ಬೈಯುತ್ತಿದ್ದರು. ನನಗೆ ಬಂದದ್ದು ಕುತೂಹಲ. ಅವರ ನೀಲಿ ನನ್ನ ಬಾಗಿಲಿಗೆ ಅಂಟಿದೆ ಎಂದಮೇಲೆ ನನ್ನ ಕೆನೆಬಣ್ಣ ಅವರ ಬಾಗಿಲಿಗೆ ಅಂಟಿರಲೇಬೇಕು. ವಿಜ್ಞಾನ ಸುಳ್ಳು ಹೇಳುವುದಿಲ್ಲ. ಎಲೆಯ ನರಗಳನ್ನು ನೋಡಲು ಸದಾ ಜೇಬಿನಲ್ಲಿರುತ್ತಿದ್ದ ಭೂತಗನ್ನಡಿ ಹೊರತೆಗೆದು, ಅಲ್ಲಿ ನಿಂತಿದ್ದ ನೀಲಿ ಕಾರುಗಳ ಬಾಗಿಲಿನ ಅಂಚುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೊರಟೆ. ಸಂಶೋಧನೆಯಲ್ಲಿ ಮುಳುಗಿದವನಿಗೆ ಸುತ್ತಲ ಪ್ರಪಂಚದ ಅರಿವು ಇರುವುದಿಲ್ಲ. ಮೂಗು ಬಾಗಿಲಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದಾಗ ಬೆನ್ನ ಹಿಂದಿನಿಂದ ಒಂದು ದಪ್ಪ ದನಿ ಕೇಳಿತು.

“ಏನ್ರೀ ಹುಡುಕ್ತಿದ್ದೀರಾ ನನ್ನ ಗಾಡೀಲಿ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಕೆನೆ,” ಎಂದೆ.

ಆ ಮನುಷ್ಯ ಕೈಯಲ್ಲಿದ್ದ ಚೀಲವನ್ನು ನಿಧಾನವಾಗಿ ಕೆಳಗಿಟ್ಟು ತೋಳು ಮಡಿಸಿಕೊಂಡ. ಹೂವಿನವಳು, ಕಡಲೆಕಾಯಿಯವನು, ರಿಕ್ಷಾದವರು ಎಲ್ಲ ಬಂದು ಸುತ್ತ ನಿಂತರು. ಹಗಲು ಹೊತ್ತಿನಲ್ಲೇ ಬೀಗ ಮುರಿಯುವ ಕಳ್ಳರು ಹೆಚ್ಚಾಗಿದ್ದಾರೆಂದೂ, ನೋಡಲು ಮೇಷ್ಟರ ಹಾಗೆಯೇ ಇರುತ್ತಾರೆಂದೂ ಯಾರೋ ವಿವರಿಸತೊಡಗಿದರು. ಆ ಹೊತ್ತಿಗೆ ಸುಮಿತ್ರೆ ಜನರನ್ನು ಸರಿಸಿಕೊಂಡು ಒಳಗೆ ಬಂದಳು.

“ನಮ್ಮನೆಯವ್ರು ಸಾರ್,” ಎಂದಳು ಬಹಳ ಶಾಂತವಾಗಿ. “ಕಾಲೇಜಲ್ಲಿ ಗಿಡ ನೋಡಿ ನೋಡಿ ಅಭ್ಯಾಸ. ಏನ್ ಕಂಡ್ರೂ ಹೀಗೇ ನೋಡ್ತಾರೆ.”

ಜನರಿಗೆ ನನ್ನ ಮೇಲೆ ಕರುಣೆ ಬಂತು. ಅದಕ್ಕಿಂತ ಪೊಲೀಸರೇ ಬಂದಿದ್ದರೆ ಚೆನ್ನಾಗಿತ್ತು. ನೀಲಿ ಕಾರಿನ ಒಡೆಯ ನನ್ನ ಭುಜ ತಟ್ಟಿ, ಬಿಸಿಲಿನಲ್ಲಿ ಹೆಚ್ಚು ಓಡಾಡಬೇಡಿ ಎಂದು ಸಲಹೆ ಕೊಟ್ಟ. ಅವನ ಬಾಗಿಲಿನಲ್ಲಿ ಕೆನೆಬಣ್ಣ ಇರಲಿಲ್ಲ.

ಅಪರಾಧಿಯನ್ನು ಹಿಡಿಯುವುದಕ್ಕಿಂತ ಅಪರಾಧ ನಡೆಯದಂತೆ ನೋಡಿಕೊಳ್ಳುವುದೇ ಜಾಣತನ ಎಂದು ಅಂದೇ ತೀರ್ಮಾನಿಸಿದೆ. ಮೊದಲ ಉಪಾಯ ಬಹಳ ಸರಳ: ಯಾರೂ ಕಾರು ನಿಲ್ಲಿಸದ ಕಡೆ ನಾನು ನಿಲ್ಲಿಸುವುದು. ಮುಂದಿನ ವಾರ ಕಾಂಪ್ಲೆಕ್ಸಿನಿಂದ ಬಹುದೂರ, ಒಂದು ದೊಡ್ಡ ಮರದ ಕೆಳಗೆ ತಂಪಾದ ಖಾಲಿ ಜಾಗ ಸಿಕ್ಕಿತು. ಇಷ್ಟು ಒಳ್ಳೆಯ ನೆರಳನ್ನು ಬಿಟ್ಟು ಎಲ್ಲರೂ ಬಿಸಿಲಲ್ಲಿ ಯಾಕೆ ನಿಲ್ಲಿಸುತ್ತಾರೆ ಎಂದು ಆಶ್ಚರ್ಯಪಟ್ಟೆ. ಸುಮಿತ್ರೆ ಮೇಲೆ ನೋಡಿ, ಇದು ನೇರಳೆ ಮರವಲ್ಲವೇ ಎಂದು ಕೇಳಿದಳು. ನಾನು ಅದರ ಶಾಸ್ತ್ರೀಯ ಹೆಸರನ್ನೂ, ಅದು ಯಾವ ಕುಟುಂಬಕ್ಕೆ ಸೇರಿದ್ದೆಂಬುದನ್ನೂ ತಿಳಿಸಿದೆ. ಅದು ಹಣ್ಣಿನ ಕಾಲವೆಂಬುದು ಮಾತ್ರ ಹೊಳೆಯಲಿಲ್ಲ. ವಾಪಸು ಬರುವ ಹೊತ್ತಿಗೆ ಮಂಗಗಳೂ ಗಿಳಿಗಳೂ ಊಟ ಮುಗಿಸಿ ಕೈ ತೊಳೆದಾಗಿತ್ತು. ಕೆನೆಬಣ್ಣದ ಮೇಲೆ ನೇರಳೆ ಬಣ್ಣ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ನಾನು ಹಲವು ದಿನ ಉಜ್ಜುತ್ತ ಅಭ್ಯಾಸ ಮಾಡಿದೆ.

ಎರಡನೆಯ ಉಪಾಯ ನನ್ನ ಸ್ವಂತದ್ದು. ಅಟ್ಟದಲ್ಲಿದ್ದ ಹಳೆಯ ಹತ್ತಿಯ ಹಾಸಿಗೆಗಳನ್ನು ಬಿಚ್ಚಿಸಿ, ಹಾಸಿಗೆ ಹೊಲಿಯುವವನ ಕೈಯಲ್ಲಿ ಉದ್ದನೆಯ ಮೆತ್ತೆಗಳನ್ನು ಹೊಲಿಸಿದೆ. ಕಾರು ನಿಲ್ಲಿಸಿದ ತಕ್ಷಣ ಎರಡೂ ಪಕ್ಕಕ್ಕೆ ಅವನ್ನು ಇಳಿಬಿಟ್ಟು ಲಾಡಿಯಿಂದ ಕಟ್ಟುವುದು, ಮೇಲಿನಿಂದ ಬೂದುಬಣ್ಣದ ದಪ್ಪ ಹೊದಿಕೆ ಎಳೆಯುವುದು. ಯಾರು ಎಷ್ಟು ಜೋರಾಗಿ ಬಾಗಿಲು ತೆರೆದರೂ ಅದು ಮೆತ್ತೆಗೆ ತಾಗಿ ನಾಚಿ ಹಿಂದೆ ಹೋಗಬೇಕು. ಮೊದಲ ಪ್ರಯೋಗವನ್ನು ಮನೆ ಮುಂದೆಯೇ ಮಾಡಿದೆ. ಪಕ್ಕದ ಮನೆಯ ನಿವೃತ್ತ ಅಧಿಕಾರಿ ಶೇಷಗಿರಿರಾಯರು ಬಹಳ ಹೊತ್ತು ಗೇಟಿಗೆ ಒರಗಿ ನೋಡಿದರು.

“ಹೆರಿಗೆ ಸುಸೂತ್ರವಾಯ್ತೇನ್ರೀ?” ಎಂದು ಕೇಳಿ ಒಳಗೆ ಹೋದರು.

ಅಸೂಯೆ ಎಂದುಕೊಂಡೆ.

ಇಷ್ಟರಲ್ಲಿ ಸುಮಿತ್ರೆಯ ತಮ್ಮ ಮುರಳಿಯ ಮದುವೆ ಬಂತು. ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ. ಛತ್ರದಲ್ಲಿ ಯಾರ್ಯಾರೋ ಓಡಾಡುತ್ತಾರೆ, ಮಾಂಗಲ್ಯದ ಪೆಟ್ಟಿಗೆ ಅಲ್ಲಿರುವುದು ಬೇಡ ಎಂದು ನಮ್ಮತ್ತೆ ಅದನ್ನು ಹಿಂದಿನ ದಿನವೇ ನಮ್ಮ ಮನೆಯಲ್ಲಿಟ್ಟು, ಬೆಳಗ್ಗೆ ಜೋಪಾನವಾಗಿ ತರುವಂತೆ ಹೇಳಿದ್ದರು. ಸುಮಿತ್ರೆ ಅದನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆಂದಳು. ನಾನು ಒಪ್ಪಲಿಲ್ಲ. ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಛತ್ರದ ಬಾಗಿಲಲ್ಲಿ ಇಳಿಯುವಾಗ ಅವಳು ಪೆಟ್ಟಿಗೆ ಕೇಳಿದಳು. ಇಡೀ ಬನಶಂಕರಿಯಲ್ಲಿ ನನ್ನ ಡಿಕ್ಕಿಗಿಂತ ಭದ್ರವಾದ ಜಾಗವಿಲ್ಲವೆಂದೂ, ಹೊತ್ತಿಗೆ ಸರಿಯಾಗಿ ತಂದುಕೊಡುವುದು ನನ್ನ ಜವಾಬ್ದಾರಿಯೆಂದೂ ಭರವಸೆ ಕೊಟ್ಟೆ.

ಛತ್ರದ ಅಂಗಳದಲ್ಲಿ ಕಾರು ನಿಲ್ಲಿಸುವ ಮಾತೇ ಇರಲಿಲ್ಲ. ಒಂದು ಕಡೆ ಪಾತ್ರೆಗಳ ವ್ಯಾನು ಹಿಂದಕ್ಕೆ ಬರುತ್ತಿತ್ತು, ಇನ್ನೊಂದು ಕಡೆ ಬಾಳೆಕಂಬ ಹೊತ್ತವರು ಹಿಂದೆಮುಂದೆ ನೋಡದೆ ತಿರುಗುತ್ತಿದ್ದರು. ಎರಡು ರಸ್ತೆ ಆಚೆ ಹೋದಾಗ, ಅರ್ಧ ಕಟ್ಟಿದ್ದ ಒಂದು ಮನೆ ಕಂಡಿತು. ಅದರ ಪಕ್ಕದಲ್ಲೇ ಕಾರ್ ಶೆಡ್ಡಿಗೆಂದು ಎಬ್ಬಿಸಿದ ಮೂರು ಕಡೆಯ ಗೋಡೆ. ಇನ್ನೂ ಚಾವಣಿ ಹಾಕಿರಲಿಲ್ಲ. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಮುಂದೆ ಗೋಡೆ. ಯಾವ ನೀಲಿ ಕಾರು ತಾನೇ ಇಲ್ಲಿಗೆ ಬಂದು ಬಾಗಿಲು ತೆರೆದೀತು? ಕೇಳೋಣವೆಂದರೆ ಯಾರೂ ಕಾಣಲಿಲ್ಲ. ಮದುವೆ ಮುಗಿಯುವವರೆಗೆ ತಾನೇ ಎಂದು ಕಾರನ್ನು ಮೂಗು ಮುಂದಾಗಿ ಒಳಗೆ ನುಗ್ಗಿಸಿದೆ. ಬಾಗಿಲು ಒಂದು ಗೇಣಿನಷ್ಟೇ ತೆರೆಯಿತು. ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಂಡು, ಜರಿಪಂಚೆಯೊಂದಿಗೆ ಹೇಗೋ ಹೊರಗೆ ಬಂದೆ. ಮೆತ್ತೆಗಳನ್ನು ಇಳಿಬಿಟ್ಟೆ. ಹೊದಿಕೆ ಹೊದಿಸಿ ಸುತ್ತಲೂ ಹಗ್ಗ ಬಿಗಿದೆ. ದೂರ ನಿಂತು ನೋಡಿದಾಗ ಒಳಗೆ ಕಾರಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಸಂತೋಷದಿಂದ ಹೋಗಿ ಉಪ್ಪಿಟ್ಟು, ಕೇಸರಿಭಾತು ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ.

ಕಾಶಿಯಾತ್ರೆಯ ಸಿದ್ಧತೆ ನಡೆಯುತ್ತಿದ್ದಾಗ ಸುಮಿತ್ರೆ ಬಂದು ಪೆಟ್ಟಿಗೆ ತರಲು ಹೇಳಿದಳು. ಹೋದೆ.

ಕಾರು ಇರಬೇಕಾದಲ್ಲಿ ಒಂದು ಮರಳಿನ ಗುಡ್ಡವಿತ್ತು. ಅದರ ಹಿಂದೆ ಬೂದುಬಣ್ಣದ ಹೊದಿಕೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಗುಡ್ಡದ ಪಕ್ಕದಲ್ಲಿ ಕಾವಲುಗಾರ ಕೂತು ಬೀಡಿ ಸೇದುತ್ತಿದ್ದ. ಬೆಳಗ್ಗೆ ಕಾಫಿಗೆ ಹೋಗಿದ್ದವನಂತೆ.

“ಸಿಮೆಂಟ್ ಮೂಟೆ ತಂದು ಟಾರ್ಪಾಲ್ ಹೊದಿಸವ್ರೆ ಅಂದ್ಕೊಂಡೆ ಸಾರ್,” ಎಂದ. “ಅದಕ್ಕೇ ಒತ್ತಿ ಸುರಿ ಅಂತ ಲಾರಿಯೋನಿಗೆ ನಾನೇ ಹೇಳ್ದೆ.”

ಸಲಿಕೆ, ಗುದ್ದಲಿ ಎಲ್ಲ ಮೇಸ್ತ್ರಿಯ ಮನೆಯಲ್ಲಿದ್ದವು. ಮೇಸ್ತ್ರಿಯ ಮನೆ ಊರಾಚೆಯ ಹುಳಿಮಾವಿನಲ್ಲಿತ್ತು. ನಾನು ಬರಿಗೈಯಿಂದ ಒಂದಷ್ಟು ಮರಳು ತೆಗೆದೆ. ತೆಗೆದಷ್ಟೂ ಮೇಲಿನಿಂದ ಜಾರಿ ಬಂತು. ಹಿಂದಿನ ಸೀಟಿನ ಮೂಲಕ ಡಿಕ್ಕಿಗೆ ದಾರಿಯಿದೆಯೇ ಎಂಬ ಕುತೂಹಲ ಹುಟ್ಟಿ, ಗೋಡೆ ಹತ್ತಿ, ಹೊದಿಕೆಯೊಳಗೆ ತೂರಿ, ಕಾರಿನೊಳಗೆ ನುಸುಳಿ ಸೀಟು ಕಿತ್ತು ನೋಡಿದೆ. ದಾರಿಯಿರಲಿಲ್ಲ. ತಗಡಿತ್ತು. ಅಷ್ಟರಲ್ಲಿ ದೂರದಿಂದ ನಾದಸ್ವರ ಕೇಳಿಸಿತು. ಇದುವರೆಗೆ ನಡೆದದ್ದೆಲ್ಲ ಕಾರಿನ ಚಿಂತೆ. ಈಗ ಮೊದಲ ಬಾರಿಗೆ ಮುಹೂರ್ತದ ಚಿಂತೆ ಬಂತು.

ಓಡಿ ಬಂದೆ. ಮುರಳಿ ತಲೆಗೆ ಪೇಟ, ಕೈಯಲ್ಲಿ ಕೊಡೆ ಹಿಡಿದು ಛತ್ರದ ಬಾಗಿಲಿನಿಂದ ಹೊರಟಿದ್ದ. ಸಂಸಾರ ಬೇಡವೆಂದು ಕಾಶಿಗೆ ಹೊರಟ ವರನನ್ನು ಹುಡುಗಿಯ ತಂದೆ ಗೇಟಿನ ಬಳಿ ತಡೆದು, ತೆಂಗಿನಕಾಯಿ ಕೊಟ್ಟು, ಮಗಳನ್ನು ಕೊಡುತ್ತೇನೆಂದು ಒಪ್ಪಿಸಿ ವಾಪಸು ಕರೆತರುವುದು ಪದ್ಧತಿ. ಅವರು ವೆಂಕಟಸುಬ್ಬಯ್ಯನವರು, ಬಹಳ ಸಾಧು ಮನುಷ್ಯ. ತೆಂಗಿನಕಾಯಿ ಹಿಡಿದು ಸರಿಯಾದ ಜಾಗದಲ್ಲಿ ನಿಂತಿದ್ದರು. ನಾನು ಮುರಳಿಯ ಕಿವಿಯಲ್ಲಿ ವಿಷಯ ಹೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ.

“ಎಷ್ಟು ದೂರ ಭಾವ?”

“ಎರಡು ರಸ್ತೆ ಆಚೆ.”

ಅವನು ಪಂಚೆ ಮೇಲೆ ಕಟ್ಟಿ, ಮಾವನನ್ನೂ ತೆಂಗಿನಕಾಯಿಯನ್ನೂ ದಾಟಿ, ಗೇಟಿನಿಂದ ಹೊರಗೆ ದಾಪುಗಾಲು ಹಾಕಿದ. ವೆಂಕಟಸುಬ್ಬಯ್ಯನವರು ಕಲಿತಿದ್ದ ಮಾತನ್ನು ಬೆನ್ನಿಗೆ ಹೇಳಿದರು. ವರ ತಿರುಗಲಿಲ್ಲ. ಅವರ ಮುಖದ ಬಣ್ಣ ಇಳಿಯಿತು. ತೆಂಗಿನಕಾಯಿ ಹಿಡಿದೇ ಹಿಂದೆ ಓಡಿದರು. ವರ ಹೋದಲ್ಲಿಗೆ ಹೋಗಬೇಕೆಂದು ಮಾತಾಗಿದ್ದುದರಿಂದ ವಾಲಗದವರೂ ಊದುತ್ತಲೇ ಹೊರಟರು. ವಾಲಗದ ಹಿಂದೆ ಬಂಧುಗಳು. ಹುಡುಗ ನಿಜವಾಗಿಯೇ ಕಾಶಿಗೆ ಹೊರಟನೆಂಬ ಸುದ್ದಿ ಅಡುಗೆಮನೆಗೆ ತಲುಪಿ, ಅಡುಗೆಯವರು ಕೈಯಲ್ಲಿದ್ದ ಸಟ್ಟುಗ, ಜಾಲರಿಗಳ ಸಮೇತ ಹೊರಗೆ ಬಂದರು.

ಮೊದಲ ತಿರುವಿನಲ್ಲಿ ವೆಂಕಟಸುಬ್ಬಯ್ಯನವರು ಏದುಸಿರು ಬಿಡುತ್ತ ವರನ ತೋಳು ಹಿಡಿದರು.

“ಅಳಿಯಂದ್ರೇ, ಸ್ಕೂಟರ್ ವಿಷಯಾನಾ? ನೀವು ಬಾಯಿಬಿಟ್ಟು ಕೇಳ್ಲಿಲ್ಲ. ಕೊಡಿಸ್ತೀನಿ, ಬನ್ನಿ.”

“ಸ್ಕೂಟರ್ ಬೇಡ ಮಾವ,” ಎಂದ ಮುರಳಿ ನಡೆಯುತ್ತಲೇ. “ಸಲಿಕೆ ಇದ್ರೆ ಕೊಡಿ.”

ಅಲ್ಲಿ ನಡೆದ ಕಾರ್ಯವನ್ನು ವಿವರವಾಗಿ ಹೇಳಲು ಇಂದಿಗೂ ನಾಲಿಗೆ ಏಳುವುದಿಲ್ಲ. ಅನ್ನದ ಸಟ್ಟುಗದಿಂದ ಕೆಲವರು, ಬೂಂದಿಯ ಜಾಲರಿಯಿಂದ ಕೆಲವರು ಮರಳು ತೆಗೆದರು. ಜಾಲರಿಯಿಂದ ತೆಗೆದ ಮರಳು ಜಾಲರಿಯಲ್ಲಿ ಉಳಿಯಲಿಲ್ಲ ಎಂಬುದನ್ನು ಅವರು ಬಹಳ ಹೊತ್ತಾದ ಮೇಲೆ ಗಮನಿಸಿದರು. ಮುರಳಿ ಕಾಶಿಯ ಕೊಡೆಯಿಂದ ಕೆದಕಿದ. ವೆಂಕಟಸುಬ್ಬಯ್ಯನವರು ವಿಷಯ ತಿಳಿದ ಮೇಲೆ ಜೀವ ಬಂದವರಂತೆ, ಜರಿಶಲ್ಯ ಹಾಸಿ ಅದರಲ್ಲಿ ಮರಳು ತುಂಬಿ ಎಳೆದು ಹಾಕಿದರು. ಕಾವಲುಗಾರ, ಮರಳು ರಸ್ತೆಗೆ ಹೋಗುತ್ತಿದೆ ಎಂದು ಆಕ್ಷೇಪಿಸಿದ. ವಾಲಗದವರು ಊದುತ್ತಲೇ ಇದ್ದರು. ದಾರಿಹೋಕರು ನಿಂತು, ಇದು ಯಾವ ಕಡೆಯವರ ಶಾಸ್ತ್ರವೆಂದು ಭಕ್ತಿಯಿಂದ ವಿಚಾರಿಸಿದರು.

ಕೊನೆಗೂ ಡಿಕ್ಕಿಯ ಬೀಗ ಕಂಡಿತು. ಹೊದಿಕೆ ಹರಿದು, ತೆರೆದು, ಪೆಟ್ಟಿಗೆ ತೆಗೆದೆವು. ಛತ್ರದಲ್ಲಿ ಪುರೋಹಿತರು ಬಹಳ ಸಮಯಸ್ಫೂರ್ತಿಯಿಂದ ನಿಧಾನವಾಗಿದ್ದರು. ಗೊತ್ತಿದ್ದ ಮಂತ್ರಗಳನ್ನೆಲ್ಲ ಹೇಳಿ, ಇನ್ನು ಉಳಿದದ್ದು ಅಪರಕರ್ಮದ್ದು ಮಾತ್ರ ಎಂದು ಚಿಂತಿಸುವ ಹೊತ್ತಿಗೆ ನಾವು ತಲುಪಿದೆವು. ಮುಹೂರ್ತ ಮೀರಲಿಲ್ಲ. ಮುರಳಿ ಮಾಂಗಲ್ಯ ಕಟ್ಟಲು ಬಗ್ಗಿದಾಗ ಪೇಟದ ಮಡಿಕೆಗಳಿಂದ ಮದುಮಗಳ ಮೇಲೆ ಅಕ್ಷತೆಗಿಂತ ಮೊದಲು ಮರಳು ಬಿತ್ತು. ಅವಳು ನಕ್ಕುಬಿಟ್ಟಳು. ಅವಳು ನಕ್ಕಮೇಲೆ ಅವಳ ತಂದೆಯೂ ನಕ್ಕರು. ನಮ್ಮತ್ತೆ ಮಾತ್ರ ನಗಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎಲೆ ತಪ್ಪಿಸಿ ತುಪ್ಪ ಬಡಿಸಿಕೊಂಡು ಹೋದರು.

ಮಧ್ಯಾಹ್ನ ನಾನೂ ಸುಮಿತ್ರೆಯೂ ಕಾರು ತರಲು ಹೋದೆವು. ಹೊದಿಕೆ ತೆಗೆದೆ. ಎಡಗಡೆ ಹೊಸದೊಂದು ಗೀರಿಲ್ಲ. ಬಲಗಡೆಯೂ ಇಲ್ಲ. ಹಿಂದಕ್ಕೆ ಬಂದೆ. ಡಿಕ್ಕಿಯ ಮೇಲೆ ಸಟ್ಟುಗದ ಗೀರು ಉದ್ದಕ್ಕೆ, ಜಾಲರಿಯ ಗೀರು ಅಡ್ಡಕ್ಕೆ, ಕೊಡೆಯ ತುದಿ ಕುಕ್ಕಿದ್ದು ಚುಕ್ಕೆ ಚುಕ್ಕೆಯಾಗಿ. ಎಲ್ಲಕ್ಕಿಂತ ಆಳವಾದದ್ದು ನನ್ನದೇ. ಆತುರದಲ್ಲಿ ಎಲ್ಲರಿಗಿಂತ ದೊಡ್ಡ ಸಟ್ಟುಗವನ್ನು ನಾನೇ ಕಿತ್ತುಕೊಂಡಿದ್ದೆ.

ಸುಮಿತ್ರೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು.

“ಪಕ್ಕ ಎರಡೂ ಚೆನ್ನಾಗಿದೆ ಕಣ್ರೀ,” ಎಂದಳು.

ಕೆಲವು ವಾರಗಳ ನಂತರ ಮಡಿವಾಳದ ಮಾರ್ಕೆಟ್ಟಿನ ಬಳಿ ಕಾರು ನಿಲ್ಲಿಸಿದ್ದೆ. ನಾವು ಇಳಿಯುವ ಮೊದಲೇ ಪಕ್ಕದಲ್ಲಿ ಒಂದು ಹೊಸ ಕಾರು ಬಂದು ನಿಂತಿತು. ಗಾಜಿಗೆ ಹಚ್ಚಿದ ಕುಂಕುಮ ಇನ್ನೂ ಹಸಿಯಾಗಿತ್ತು. ಅದರ ಒಡೆಯ ಇಳಿದು ನನ್ನ ಡಿಕ್ಕಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಮರಳಿ ಹೋಗಿ ಸ್ಟಿಯರಿಂಗ್ ಮುಂದೆ ಕೂತ.

“ತಪ್ಪು ತಿಳ್ಕೋಬೇಡಿ ಸಾರ್,” ಎಂದು ಕಿಟಕಿಯಿಂದ ಕೈ ಮುಗಿದ. “ಹೊಸ ಗಾಡಿ.”

ಅವನು ಕಾರನ್ನು ಆ ತುದಿಯಲ್ಲಿ, ಕಸದ ಗುಡ್ಡೆಯ ಪಕ್ಕದಲ್ಲಿ ನಿಲ್ಲಿಸಿ ನೆಮ್ಮದಿಯಾಗಿ ಇಳಿದುಹೋದ. ನನ್ನ ಎರಡೂ ಕಡೆ ಈಗ ಬೇಕಾದಷ್ಟು ಜಾಗವಿತ್ತು. ನಾನು ಬಾಗಿಲನ್ನು ಪೂರ್ತಿ ತೆರೆದು, ತರಕಾರಿ ಚೀಲ ಹಿಡಿದು, ಗಂಭೀರವಾಗಿ ಇಳಿದೆ.