ಹಸ, ಮಂಡಿ ಮತ್ತು ಬಾಯಿಬಡುಕ ಫೋನು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರು ನಾನು ಮೊಬೈಲ್ ಅಂಗಡಿ ಇಟ್ಟ ಹೊಸದರಲ್ಲಿ, ಫೋನ್ ಮಾತಾಡ್ತಿಲ್ಲ ಅಂತ ಜನ ತರೋರು. ಈಗ ಜಾಸ್ತಿ ಮಾತಾಡ್ತದೆ ಅಂತ ತರ್ತಾರೆ. ವಾರಕ್ಕೊಬ್ಬರಾದ್ರೂ ಬಂದು ನನ್ನ ತಲೆ ತಿನ್ನದೆ ಇರಲ್ಲ.

ಮೇಷ್ಟ್ರ ದಾಕ್ಷಿಣ್ಯ

ಬೇಗೂರಿನ ರಿಟೈರ್ಡ್ ಮೇಷ್ಟ್ರೊಬ್ಬರು ಫೋನನ್ನ ಟವೆಲ್‌ನಲ್ಲಿ ಸುತ್ತಿ ಸ್ಕೂಟರ್ ಡಿಕ್ಕಿಯಲ್ಲೇ ಬಿಟ್ಟು ಒಳಗೆ ಬಂದರು. "ಅದು ಕದ್ದು ಕೇಳ್ತದೆ ಕಣಮ್ಮ" ಅಂತ ಪಿಸುಗುಟ್ಟಿದರು. "ಕೂದಲಿಗೆ ಬಣ್ಣ ಹಚ್ಚೋದು ನನ್ನ ಮನೆ ಗುಟ್ಟು. ದಿನಾ ಬಣ್ಣದ್ದೇ ಜಾಹೀರಾತು!"

ತರಿಸಿ ನೋಡಿದೆ. ಮೈಕು, ಫೋಟೋ, ಇರೋ ಜಾಗ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿದ್ದಾರೆ ಪುಣ್ಯಾತ್ಮ.

"ಯಾಕ್ ಸಾರ್ ಹಿಂಗೆ?"

"ಪಾಪ, ಅನುಮತಿ ಕೊಡ್ತೀರಾ ಅಂತ ಅಷ್ಟು ವಿನಯವಾಗಿ ಕೇಳ್ತದಲ್ಲಮ್ಮ. ಮೂವತ್ತು ವರ್ಷದಲ್ಲಿ ನನ್ನ ಒಬ್ಬ ಶಿಷ್ಯನೂ ಹಂಗೆ ಕೇಳ್ಲಿಲ್ಲ!"

ಹಂಗಳದ ಜೋಡಿ

ಹೋದ ತಿಂಗಳು ಹಂಗಳದ ಹೆಂಗಸೊಬ್ಬಳು ಕೈಯಲ್ಲಿ ಬ್ಯಾಗು ಹಿಡಿದು ಬಂದಳು. ಕರುವಿನಿಂದ ಸಾಕಿದ್ದ ಹಸನ ಗಂಡ ಹೇಳದೆ ಕೇಳದೆ ಮಾರಿದ್ದ. ಎಂಟು ದಿನದಿಂದ ಇಬ್ಬರಿಗೂ ಮಾತಿಲ್ಲ. ಈಗ ತವರಿಗೆ, ಉಮ್ಮತ್ತೂರಿಗೆ ಹೊರಟಿದ್ದಾಳೆ. ಮನೆಗಿದ್ದ ಒಂದೇ ಫೋನನ್ನೂ ಎತ್ಕೊಂಡು ಬಂದಿದ್ದಾಳೆ.

"ಇದರ ಜೊತೆ ದಿನಾ ಗುಸುಗುಸು ಮಾತಾಡ್ತನೆ ಕಣಕ್ಕ. ಬೈಕ್ ತಗಳಕ್ಕೇಯ ನನ್ನ ಹಸ ಮಾರ್ಬುಟ್ಟವ್ನೆ. ಏನ್ ಕೇಳವ್ನೆ ನೋಡೇಳು."

"ಅವರು ಕೇಳಿದ್ದು ಅವರದು. ನಾನು ತೆಗೆಯಲ್ಲ ತಾಯಿ" ಅಂದೆ. ಅಷ್ಟರಲ್ಲಿ ಫೋನೇ ಚಾಡಿ ಹೇಳ್ತು! ಪರದೆ ಮೇಲೆ ಸಾಲಾಗಿ ಜಾಹೀರಾತು: ಮಂಡಿಗೆ ಕಟ್ಟೋ ಬೆಲ್ಟು, ಮಂಡಿನೋವಿನ ಎಣ್ಣೆ, ಮತ್ತೊಂದು ಬೆಲ್ಟು. ಬೈಕಿನ ಚಕ್ರವೂ ಇಲ್ಲ.

"ಇವೆಲ್ಲ ಯಾಕ್ ಬತ್ತವೆ?"

"ನಾವು ಏನು ಹುಡುಕ್ತೀವೋ ಅದನ್ನೇ ತೋರಿಸ್ತದೆ."

ಅವಳು ಬೆಂಚಿನ ಮೇಲೆ ಕುಸಿದು ತನ್ನ ಎರಡೂ ಮಂಡಿ ಹಿಡ್ಕೊಂಡಳು. ಮುಂದಿನ ಬಸ್ಸಿಗೆ ಗಂಡ ಏದುಸಿರು ಬಿಡ್ತಾ ಇಳಿದ.

"ಯಾರ ಮಂಡಿಗ್ಲಾ ಬೆಲ್ಟು?" ಅಂದಳು. ಎಂಟು ದಿನದ ಮೇಲೆ ಮೊದಲ ಮಾತು.

"ಇನ್ಯಾರ್ಗೆ ಕಣಮ್ಮಿ! ಹುಲ್ಲಿನ ಒರೆ ಒತ್ಕಂಡು ಬರುವಾಗ ಹೊಲದ ಬದದ ಮೇಲೆ ಕೂತ್ಕಂಡು ಅಳ್ತಿದ್ದೆಯಲ್ಲ, ನೋಡಿವ್ನಿ. ಹಸ ಇದ್ರೆ ನೀ ಸುಮ್ನಿದ್ದೀಯಾ?"

"ಅಂಗಂತ ಏಳಕ್ಕೇನಾಗಿತ್ತು?"

"ಏಳಿದ್ರೆ ಮಾರಕ್ಕೆ ಬುಡ್ತಿದ್ಯಾ?"

ಅವಳು ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳು. ಸುಳ್ಳು ಯಾಕೆ, ನನಗೂ ಕಣ್ಣು ತುಂಬಿತು. ಗಂಡನಿಗೆ ನಾಚಿಕೆಯಾಗಿ, "ಈ ಬಾಯಿಬಡುಕನ ಜಾಹೀರಾತ ಬಂದ್ ಮಾಡ್ಬುಡಮ್ಮ" ಅಂದ. ಸೆಟ್ಟಿಂಗ್ ತೆಗೆದು ಬೆರಳಿಟ್ಟೆ.

"ತಡಿಯಕ್ಕ!" ಫೋನ್ ಕಿತ್ಕೊಂಡಳು. ನನ್ನ ಕೈಲೇ ಹುಡುಕೋ ಮೈಕ್ ಒತ್ತಿಸಿಕೊಂಡು, ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡೋ ಹಂಗೆ ಕೂಗಿದಳು: "ಹಂಗಳಕ್ಕೊಂದು ಹಸ ಬೇಕು! ಹುಲ್ಲ ನಮ್ಮೆಜಮಾನ ಕುಯ್ಕಂಡು ಬತ್ತನೆ!"

ಆಮೇಲೆ ಫೋನನ್ನ ಗಂಡನ ಜೇಬಿಗೆ ತುರುಕಿ ನನ್ನ ಕಡೆ ತಿರುಗಿದಳು. "ಒಂದೆಂಟು ದಿನ ಇವನಿಗೂ ಹಸಿನ ಜಾಹೀರಾತು ಬರ್ಲಿ ಕಣಕ್ಕ. ಹಸ ಮನೆಗೆ ಬಂದ್ಮೇಲೆ ಬಂದ್ ಮಾಡನ."