“ಎಷ್ಟನೆಯವನಾಗಿ ಹೋದ?”

ಹತ್ತು ರಿಯಾಲ್ ಕೊಟ್ಟು ನಮ್ಮ ಭಾವ ಅಮೆರಿಕನ್ ಫುಟ್‌ಬಾಲಿನ ಪಂಡಿತರಾದರು. ಆ ಚೆಂಡು ದುಂಡಗಿಲ್ಲ ಎಂದು ಅವರಿಗೆ ತಿಳಿದದ್ದು ದುಡ್ಡು ಕೊಟ್ಟ ಮೇಲೆ! ಇಲ್ಲಿ ಗಲ್ಫಿನಲ್ಲಿ, ರುಸೈಲಿನ ಅವರ ಆಫೀಸಿನಲ್ಲಿ ಅಮೆರಿಕದ ಮ್ಯಾನೇಜರ್ ನಡೆಸುತ್ತಿದ್ದ ಫ್ಯಾಂಟಸಿ ಲೀಗಿಗೆ ಒಬ್ಬರು ಕಡಿಮೆ ಬಿದ್ದಿದ್ದರು. ಮ್ಯಾನೇಜರೇ ಕರೆದರೆ ಇಲ್ಲ ಎನ್ನಲಾದೀತೇ? “ಆಳು ಬೇಕಿದ್ದದ್ದು ಅವರಿಗಲ್ವಾ, ಐದಕ್ಕೆ ಇಳಿಸಬಹುದಿತ್ತು” ಎಂದೆ. ರೂವಿಯಲ್ಲಿ ಹಳೆಯ ಎ.ಸಿ. ಮಾರಿ ಮೇಲೆ ಬಂದವನು ನಾನು, ಹೇಳದೆ ಇರಲಾಗುವುದಿಲ್ಲ.

ಆಟ ಇಷ್ಟೇ: ಅಲ್ಲಿ ನಿಜವಾಗಿ ಆಡುವವರನ್ನು ಇಲ್ಲಿ ಕಾಗದದ ಮೇಲೆ ನಮ್ಮ ತಂಡಕ್ಕೆ ಆರಿಸಿಕೊಳ್ಳುವುದು, ಅವರು ಓಡಿದರೆ ನಮಗೆ ಅಂಕ. ಹಳಬರ ಯೋಗ್ಯತೆ ಎಲ್ಲರಿಗೂ ಗೊತ್ತು. ಕಾಲೇಜಿನಿಂದ ಆಗಷ್ಟೇ ಬಂದ ಹೊಸಬರನ್ನು ಅಳೆಯುವುದು ಹೇಗೆ? ಅಲ್ಲಿನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಒಂದು ಪಂದ್ಯವನ್ನೂ ನೋಡದ ಭಾವ ಕೇಳುತ್ತಿದ್ದದ್ದು ಒಂದೇ: “ಡ್ರಾಫ್ಟಿನಲ್ಲಿ ಎಷ್ಟನೆಯವನಾಗಿ ಹೋದ?”

“ಮೊದಲು ಹೋದ ಮಾತ್ರಕ್ಕೆ ಒಳ್ಳೆಯವನಾ ಭಾವ?”

“ಒಳ್ಳೆಯವ ಅಂತ ಯಾರು ಹೇಳಿದ್ದು ಮಾರಾಯ? ಮೊದಲು ತಕೊಂಡವನನ್ನು ಬೆಂಚಿನಲ್ಲಿ ಕೂರಿಸ್ಲಿಕ್ಕೆ ಅವರಿಗೆ ನಾಚಿಕೆ ಆಗ್ತದೆ. ನಾಲ್ಕು ಸಲ ಬೀಳಿಸಿದ್ರೂ ಚೆಂಡು ಅವನಿಗೇ. ಕೊನೆಗೆ ಬಂದವ ಒಂದು ಸಲ ಬೀಳಿಸಿದ್ರೆ ಖಲಾಸ್.”

ಆ ವರ್ಷ ಭಾವ ಎರಡನೆಯ ಸ್ಥಾನ ಪಡೆದರು. ಹುಟ್ಟಿದಾಗಿನಿಂದ ಆ ಆಟ ನೋಡಿದ ಮ್ಯಾನೇಜರ್ ಅವರಿಗಿಂತ ಕೆಳಗೆ. ಈ ಸುದ್ದಿಯನ್ನು ನನ್ನ ಗಿರಾಕಿಗಳಿಗೆಲ್ಲ, ಅವರು ಕೇಳದಿದ್ದರೂ, ಹೇಳಿದ್ದೇನೆ.

ಗೆದ್ದ ಸೂತ್ರ ಸುಮ್ಮನಿರುತ್ತದೆಯೇ? ಸೀಬ್ ಮೀನು ಮಾರ್ಕೆಟ್ಟಿನಲ್ಲಿ ಹೋಟೆಲಿನವನು ಮೊದಲು ಯಾವ ಬುಟ್ಟಿಗೆ ಕೈ ಹಾಕುತ್ತಾನೆಂದು ಕಾದು, ಭಾವ ಅದರಿಂದಲೇ ಕೊಂಡು ತಂದರು. ಹೋಟೆಲಿನವನು ಕೊಂಡದ್ದು ಅವನ ಬೆಕ್ಕುಗಳಿಗೆ. ನನ್ನ ಅಕ್ಕ ಮೂಗು ಮುಚ್ಚಿಕೊಂಡು ಹೇಳಿದಳು: “ನಿಮ್ಮ ಮೊದಲ ಸುತ್ತಿನ ಮೀನನ್ನು ನೀವೇ ತೊಳೀರಿ.”

ಮನೆಯಲ್ಲಿ ಇಷ್ಟು ಮಾತಾಡುವ ಅಕ್ಕ ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಉಡುಪಿಯಿಂದ ಅಲ್ ಹೈಲಿಗೆ ಬಂದ ಹೊಸದರಲ್ಲಿ, ಕನ್ನಡಿಗರ ಕುಟುಂಬ ಕೂಟದ ತ್ರೋಬಾಲಿಗೆ ಅವಳನ್ನು ಎಲ್ಲರಿಗಿಂತ ಕೊನೆಗೆ ಆರಿಸಿದ್ದರು. ಚೆಂಡು ಒಮ್ಮೆ ಜಾರಿತು, ಹೊರಗೆ ಕೂರಿಸಿದರು. ಆಮೇಲೆ ಯಾವ ಕೂಟಕ್ಕೂ ಅವಳು ಬರಲಿಲ್ಲ. ಫ್ಲ್ಯಾಟು, ಟಿ.ವಿ., ಊರಿಗೆ ಫೋನು. ಒಮ್ಮೆ ಕೇಳಿಯೂ ಬಿಟ್ಟಳು: “ನಾನು ಊರಿಗೇ ಹೋಗ್ಲಾ?”

ಲೀಗಿನ ಮರುವರ್ಷ ಅದೇ ಕೂಟದ ತ್ರೋಬಾಲಿಗೆ ಭಾವ ಒಂದು ತಂಡದ ಕ್ಯಾಪ್ಟನ್. ಚಿತ್ರಾನ್ನ ಬಡಿಸಲಿಕ್ಕೆ ಜನ ಇಲ್ಲ ಎಂದು ಅಕ್ಕನನ್ನು ಹೊರಡಿಸಿದರು. ಮೊದಲ ಆಯ್ಕೆ ಅವರದೇ. ಎದುರಿಗೆ ಆರಡಿ ಎತ್ತರದ ಆಟಗಾರ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದ. ಭಾವ ಅಕ್ಕನ ಹೆಸರು ಕರೆದರು.

“ಶೆಟ್ರಿಗೆ ಮನೆಯಲ್ಲಿ ಊಟ ಬೇಕಲ್ಲ!” ಎಂದು ಯಾರೋ ಭಾವನ ಕಡೆ ನೋಡಿ ನಗಾಡಿದರು.

ಅಕ್ಕ ಚೆಂಡು ಬಿಟ್ಟಳು. ಮತ್ತೆ ಬಿಟ್ಟಳು. “ಬದಲಾಯಿಸಿ ಭಾವ” ಎಂದು ನಾನೇ ಪಿಸುಗುಟ್ಟಿದೆ.

“ಮೊದಲು ಕರೆದವಳನ್ನು ಕೂರಿಸ್ಲಿಕ್ಕೆ ಉಂಟಾ ಮಾರಾಯ?”

ಮುಂದಿನದನ್ನು ಅಕ್ಕ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಪಂದ್ಯ ಸೋತೆವು. ಕಾರು ಹತ್ತುವಾಗ ಅಕ್ಕ, ಮುಂದಿನ ಶುಕ್ರವಾರ ಪ್ರಾಕ್ಟೀಸ್ ಎಷ್ಟು ಗಂಟೆಗೆ ಎಂದು ಕೇಳಿದಳು. ಭಾವ ಬಿಸಿಲಿಲ್ಲದಿದ್ದರೂ ಕಪ್ಪು ಕನ್ನಡಕ ಹಾಕಿಕೊಂಡರು.

ವ್ಯಾಪಾರಿಯ ಸಲಹೆ ಕೇಳಿ: ನಿಮ್ಮವರು ಯಾರಾದರೂ ಹಿಂದೆ ಸರಿದು ನಿಂತಿದ್ದರೆ ಅವರನ್ನೇ ಮೊದಲು ಕರೆಯಿರಿ, ಎಲ್ಲರಿಗೂ ಕೇಳುವಂತೆ ಕರೆಯಿರಿ. ಬರೀ ಟ್ರೋಫಿ ಬೇಕಿದ್ದರೆ ಆರಡಿಯವನನ್ನು ತೆಗೆದುಕೊಳ್ಳಿ.